ಬರಿಗೈಯ ಮನೆ

ಕೈ ಎತ್ತಿದ್ದಂತೂ ನಿಜ. ಹೊಡೆಯಲಿಕ್ಕೆ ಎತ್ತಿದಳೋ, ಬೋರ್ಡಿನ ಮೇಲಿನ ಅಕ್ಷರ ತೋರಿಸಲಿಕ್ಕೆ ಎತ್ತಿದಳೋ ಎಂಬುದು ಆ ಗಳಿಗೆಯಲ್ಲಿ ಸುಗಂಧಾಗೆ ಗೊತ್ತಿರಲಿಲ್ಲ, ಆಮೇಲೆ ಎಷ್ಟು ಕೆದಕಿದರೂ ಗೊತ್ತಾಗಲಿಲ್ಲ. ಮಣಿಕಟ್ಟಿನಲ್ಲಿದ್ದ ಹಸಿರು ಗಾಜಿನ ಬಳೆಗಳು ಘಲ್ಲೆಂದು ಮೊಣಕೈ ಕಡೆಗೆ ಜಾರಿದವು. ಎದುರಿಗೆ ನಿಂತಿದ್ದ ಗೌಹರ ಎಂಬ ಎರಡನೇ ಇಯತ್ತೆಯ ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಏಟಿಗಲ್ಲ, ಬರೀ ಆ ಸಪ್ಪಳಕ್ಕೆ. ‘ಲ’ ಬರೆಯುವಲ್ಲಿ ‘ಳ’ ಬರೆದದ್ದು ಅಂಥ ಘೋರ ಅಪರಾಧವೇನೂ ಆಗಿರಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸುಗಂಧಾ ಸೆರಗು ಸರಿಪಡಿಸಿಕೊಂಡಂತೆ ನಟಿಸಿದಳು. ಗೌಹರ ಒಂದು ಕಣ್ಣು ತೆರೆದು ನೋಡಿದಳು, ಆಮೇಲೆ ಇನ್ನೊಂದು. ತರಗತಿ ತೆಪ್ಪಗಿತ್ತು. ಬಸವಕಲ್ಯಾಣದ ಈ ಶಾಲೆಯಲ್ಲಿ ಸುಗಂಧಾಬಾಯಿಯ ಕ್ಲಾಸೆಂದರೆ ಶಿಸ್ತಿಗೆ ಹೆಸರಾದದ್ದು. ಹೆಡ್‌ಮಾಸ್ತರರು ಅದರ ಮುಂದೆ ಹಾಯುವಾಗ ಚಪ್ಪಲಿಯ ಸಪ್ಪಳವನ್ನೂ ಕಡಿಮೆ ಮಾಡಿಕೊಳ್ಳುತ್ತಿದ್ದರು. ಹೆರಿಗೆ ರಜೆಗೆ ಮೊದಲು ಅದು ಅವಳಿಗೆ ಹೆಮ್ಮೆಯ ಮಾತಾಗಿತ್ತು. ಇವತ್ತು ರಜೆ ಮುಗಿಸಿ ಬಂದ ಮೊದಲ ದಿನವೇ ಆ ನಿಶ್ಶಬ್ದ ಯಾಕೋ ಮೈಗೆ ಒಗ್ಗಲಿಲ್ಲ. ಅವಳು ಗೌಹರಳ ಕೈಗೆ ಸೀಮೆಸುಣ್ಣ ಕೊಟ್ಟು ಇನ್ನೊಮ್ಮೆ ಬರೆ ಅಂದಳು.

ಹುಡುಗಿ ಬರೆಯುತ್ತಿದ್ದಷ್ಟು ಹೊತ್ತೂ ಸುಗಂಧಾ ಕಿಟಕಿಯ ಹತ್ತಿರ ನಿಂತಿದ್ದಳು. ಈಗ ಮಿಲಿಂದ ಏನು ಮಾಡುತ್ತಿರಬಹುದು? ಬೆಳಿಗ್ಗೆ ಹುಮನಾಬಾದಿನ ಅಂಚಿನ ಮಾಣಿಕನಗರದಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಸರುಬಾಯಿಯ ಕೈಗೆ ತನ್ನ ಕೂಸನ್ನು ಕೊಟ್ಟಾಗ ಅದು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಇನ್ನೂ ಸರಿಯಾಗಿ ಕೂಡಲು ಬಾರದ ಅದು ಹೊಸ ಮುಖ ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು, ಹೆತ್ತವಳ ಕಡೆ ತಿರುಗಿ ಕೂಡ ನೋಡಲಿಲ್ಲ. ಹುಮನಾಬಾದಿನಿಂದ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಅದೇ ನಗು ಚುಚ್ಚುತ್ತಿತ್ತು. ಗಂಡ ಉತ್ತಮ ಕರೆಂಟ್ ಕಂಬಗಳ ಕೆಲಸಕ್ಕೆ ಊರೂರು ತಿರುಗುವ ಲೈನ್‌ಮನ್. ತಾಯಿ ದ್ರೌಪತಿ ಇದ್ದಿದ್ದರೆ ನಿರ್ಣಾದಿಂದ ಬಂದು ಕೂಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡುಬಿಡುತ್ತಿದ್ದಳು, ಆದರೆ ಅವಳು ಮೊಮ್ಮಗನ ಮುಖ ನೋಡುವಷ್ಟು ದಿನ ಉಳಿಯಲಿಲ್ಲ. ರಜೆ ಮುಗಿದ ಮೇಲೂ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಹೆಡ್‌ಮಾಸ್ತರರು ಮೆಲ್ಲಗೇ ಹೇಳಿ ಕಳಿಸಿದ್ದರು. ಅವರು ಯಾವಾಗಲೂ ಮೆಲ್ಲಗೇ ಹೇಳುತ್ತಾರೆ. ನೌಕರಿ ಬಿಡು ಅಂತ ಉತ್ತಮ ಅನ್ನಲಿಲ್ಲ, ಬಿಡಬೇಡ ಅಂತಲೂ ಅನ್ನಲಿಲ್ಲ. ಕೂಸನ್ನು ಎಲ್ಲಿ ಬಿಡುವುದು ಎಂಬ ಒಂದೇ ಒಂದು ಮಾತು ಅವಳ ತಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಆಗ ಪಕ್ಕದ ಮನೆಯ ನರ್ಸಮ್ಮ ಅಂದಳು, ‘ಕುಲ್ಸುಮ್ ಬೀನ ಕೇಳ್ರಿ. ನಾನೂ ಆಕಿನ್ನೇ ಕೇಳಿದ್ದೆ.’

ಕುಲ್ಸುಮ್ ಬೀ ಬಳೆಗಾರ್ತಿ. ಹುಮನಾಬಾದಿನಲ್ಲಿ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ತುಳಿಯದ ಹೊಸ್ತಿಲಿಲ್ಲ. ಲಿಂಗಾಯತರ ಓಣಿ, ಮರಾಠರ ಗಲ್ಲಿ, ಸುಗಂಧಾಳ ಬೌದ್ಧವಾಡೆ, ಮಾಣಿಕನಗರದ ಮಠದ ಸುತ್ತಲಿನ ಸಣ್ಣ ಮನೆಗಳು, ಎಲ್ಲ ಕಡೆಯೂ ಹೆಂಗಸರು ಅವಳ ಮುಂದೆ ಕೈ ಚಾಚಿ ಕೂಡುತ್ತಿದ್ದರು. ಯಾರು ಯಾರನ್ನು ಮುಟ್ಟಬಾರದು ಎಂಬ ಊರಿನ ಲೆಕ್ಕವೆಲ್ಲ ಅವಳ ಬುಟ್ಟಿಯ ಮುಂದೆ ತಪ್ಪಿಹೋಗುತ್ತಿತ್ತು. ಗಂಡಸರು ಕಾಣದ ಒಳಮನೆಗಳಲ್ಲಿ ಯಾವ ಕೂಸಿನ ಮೂಗನ್ನು ಯಾರು ಒರೆಸುತ್ತಾರೆ ಎಂಬುದನ್ನು ಅವಳು ಬಳೆ ಇಡುತ್ತಲೇ ನೋಡಿಬಿಡುತ್ತಿದ್ದಳು. ನೌಕರಿಯ ಹೆಂಗಸರು ಊರಲ್ಲಿ ಒಬ್ಬಿಬ್ಬರು ಆಗತೊಡಗಿದ್ದ ಕಾಲ ಅದು. ಕೂಸನ್ನು ಎಲ್ಲಿ ಬಿಡೋಣ ಎಂದು ಅವರೆಲ್ಲ ಕೇಳುತ್ತಿದ್ದದ್ದು ಇವಳನ್ನೇ. ಆದರೆ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯುವ ಬಳೆಗಾರ್ತಿಯನ್ನು ಯಾರೂ ಒಳಗೆ ಕರೆಯುವುದಿಲ್ಲ. ಅದಕ್ಕೇ ಕುಲ್ಸುಮ್ ಬೀ ಯಾವ ಮನೆಯನ್ನೂ ಹೊಗಳುತ್ತಿರಲಿಲ್ಲ, ಯಾವುದನ್ನೂ ತೆಗಳುತ್ತಿರಲಿಲ್ಲ.

‘ಖಾಲಾ, ನೀವೇ ಒಂದು ಮನಿ ಹೇಳ್ರಿ,’ ಎಂದು ಸುಗಂಧಾ ಕೇಳಿದಾಗಲೂ ಅವಳು ಎಲೆ ಅಡಿಕೆ ಮೆಲ್ಲುತ್ತ ಬುಟ್ಟಿಯ ಬಳೆ ಎಣಿಸಿದಳು. ಆಮೇಲೆ ಅಂದಳು, ‘ನಾ ಏನ್ ಹೇಳ್ಲಿ ಬೇಟಿ? ನಾಳಿ ನನ್ ಕೂಡ ಬರ್ರಿ. ನಾ ಬಳಿ ಇಡೂತನ ಬಾಜೂಕ ಕುಂದ್ರಿ. ಕಣ್ಣು ನಿಮ್ಮವ್ ಅವ, ನೋಡ್ರಿ.’

ಮೊದಲು ಹೋದದ್ದು ರುಕ್ಮಿಣಿಬಾಯಿಯ ಮನೆಗೆ. ಆ ಹೆಸರು ಸುಗಂಧಾಗೆ ಹೊಸದಲ್ಲ. ನಿರ್ಣಾದಲ್ಲಿ ದ್ರೌಪತಿ ಕೂಲಿಗೆ ಹೋಗುತ್ತಿದ್ದದ್ದು ಇವರ ಹೊಲಕ್ಕೇ. ಸುಗ್ಗಿಯಲ್ಲಿ ಜೋಳದ ಚೀಲದ ಬಂಡಿಯ ಹಿಂದೆ ನಡೆದು ಬಂದು, ಈ ಮನೆಯ ಅಂಗಳದ ಬೇವಿನ ಮರದ ಕೆಳಗೆ, ತಾಯಿಯ ಸೆರಗು ಹಿಡಿದು ಅವಳು ನಿಂತದ್ದುಂಟು. ‘ಅಲ್ಲೇ ನಿಲ್ಲು’ ಎಂದು ಒಳಗಿನಿಂದ ಬರುತ್ತಿದ್ದ ದನಿ ಯಾರದು ಎಂದು ಅವಳು ಯಾವತ್ತೂ ನೋಡಿರಲಿಲ್ಲ. ಈಗಲೂ ಬೇವಿನ ಮರ ಬಂದೊಡನೆ ಕಾಲು ತಾನಾಗಿ ನಿಂತುಬಿಟ್ಟಿತು. ಎರಡು ಪರೀಕ್ಷೆ ಪಾಸಾಗಿ ಸರ್ಕಾರದ ಸಂಬಳ ತಿನ್ನುವ ಕಾಲು! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ರುಕ್ಮಿಣಿಬಾಯಿ ಕಾಣಿಸಿಕೊಂಡಳು, ತುಂಬಿದ ಮೈ, ದೊಡ್ಡ ಕುಂಕುಮ. ‘ಬರ್ರಿ ಮಾಸ್ತರಣಿಬಾಯಿ, ಒಳಗ ಬರ್ರಿ. ಹೊರಗ ಯಾಕ ನಿಂತೀರಿ?’ ಅಂದಳು. ಬರ್ರಿ. ಬಾ ಅಲ್ಲ, ಬರ್ರಿ. ಆ ಒಂದು ‘ರಿ’ ಸುಗಂಧಾಳ ನೆತ್ತಿಗೇರಿತು. ಅವ್ವಾ, ಕೇಳಿದೆಯಾ ಎಂದು ಇಲ್ಲದ ತಾಯಿಯನ್ನು ಮನಸ್ಸಿನಲ್ಲೇ ಕೂಗಿ, ಮಿಲಿಂದನನ್ನು ಎದೆಗೊತ್ತಿಕೊಂಡು ಅವಳು ಹೊಸ್ತಿಲು ದಾಟಿದಳು.

ಒಳಗೆ ಜಮಖಾನೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಮೂರು ಮಕ್ಕಳು ಸಾಲಾಗಿ ಕೂತಿದ್ದವು. ಕಚೇರಿಗೆ ಹೋಗುವ ಹೆಂಗಸರ ಮಕ್ಕಳು. ತೊಳೆದ ಮುಖ, ಬಾಚಿದ ತಲೆ. ‘ನಮ್ ಮನ್ಯಾಗ ಕೂಸುಗೋಳು ಪಿಟ್ ಅನ್ನಂಗಿಲ್ಲ ನೋಡ್ರಿ,’ ಎಂದಳು ರುಕ್ಮಿಣಿಬಾಯಿ. ‘ಮನಿ ದೊಡ್ಡದದ, ನನಗೂ ಹೊತ್ತು ಹೋಗಬೇಕಲ್ಲ. ಮತ್ತ ಜಾತಿ ಗೀತಿ ನಾ ನೋಡಂಗಿಲ್ಲ, ಕಾಲ ಬದಲಾಗ್ಯಾದ.’ ಸುಗಂಧಾಗೆ ಆ ಸಾಲು, ಆ ಮೌನ ಬಹಳ ಹಿಡಿಸಿತು. ತನ್ನ ಕ್ಲಾಸಿನ ಹಾಗೇ ಇದೆ ಅನ್ನಿಸಿತು. ಚಹಾ ಬಂತು, ಎಲ್ಲರಿಗೂ ಒಂದೇ ತರಹದ ಹೂವಿನ ಕಪ್ಪು, ಅವಳಿಗೂ ಅದೇ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕುಲ್ಸುಮ್ ಬೀ ಬುಟ್ಟಿ ಬಿಚ್ಚಿ ರುಕ್ಮಿಣಿಬಾಯಿಯ ಕೈ ಹಿಡಿದಿದ್ದಳು. ಎಡಗೈ ತುಂಬ ಬಳೆ, ಬಣ್ಣ ಮಾಸಿದ ಹಳೆಯ ಬಳೆ. ಬಲಗೈಯಲ್ಲಿ ಉಳಿದದ್ದು ಒಂದೆರಡು, ಅವೂ ಸೀಳು ಬಿಟ್ಟಂಥವು.

‘ಬಲಗೈ ಬಳಿ ಭಾಳ ಹೆಚ್ಚಾಗ್ತಾವ ನೋಡು ಕುಲ್ಸುಮ್,’ ಎಂದಳು ರುಕ್ಮಿಣಿಬಾಯಿ. ಮುತ್ತೈದೆಯ ಬಳೆಯನ್ನು ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು, ಅದು ಆ ಕಡೆಯ ರೂಢಿ. ‘ನಿನ್ನ ಮಾಲೇ ಕಚ್ಚಾ.’

‘ಹೌದ್ರಿ ಬಾಯಿ, ಮಾಲ್ ಕಚ್ಚಾ ಬರಾಕತ್ತದ,’ ಎಂದ ಕುಲ್ಸುಮ್ ಬೀ ತಗ್ಗಿಸಿದ ತಲೆ ಎತ್ತಲಿಲ್ಲ.

ಹೊಸ ಬಳೆ ಏರಿದವು. ರುಕ್ಮಿಣಿಬಾಯಿ ಖುಷಿಯಿಂದ ಬಲಗೈ ಎತ್ತಿ ಒಮ್ಮೆ ಅಲ್ಲಾಡಿಸಿದಳು, ಸಪ್ಪಳ ಕೇಳಲಿಕ್ಕೆ. ಗೋಡೆಯ ಹತ್ತಿರದ ಮೂರು ಕತ್ತುಗಳೂ ಒಟ್ಟಿಗೇ ಹೆಗಲೊಳಗೆ ಇಳಿದುಹೋದವು. ಕೊನೆಯಲ್ಲಿ ಕೂತ ಹುಡುಗಿ ಅಂಗೈಯನ್ನು ಕೆನ್ನೆಗೆ ಅಡ್ಡ ಹಿಡಿದಳು. ಅಷ್ಟೇ. ಮರುಗಳಿಗೆಗೆ ಎಲ್ಲ ಮೊದಲಿನಂತಾಯಿತು, ರುಕ್ಮಿಣಿಬಾಯಿ ನೋಡಲೂ ಇಲ್ಲ. ಸುಗಂಧಾ ನೋಡಿದಳು. ನೋಡಿಯೂ ಕಪ್ಪಿನ ತಳದ ಸಕ್ಕರೆ ತಿರುವುತ್ತ ಕೂತಳು. ಇವತ್ತು ಕಿಟಕಿಯ ಹತ್ತಿರ ನಿಂತಾಗ ಅವಳಿಗೆ ನಾಚಿಕೆಯಾಗುವುದು ಇದಕ್ಕೇ. ಕಾಣಲಿಲ್ಲವೆಂದಲ್ಲ, ಕಂಡದ್ದನ್ನು ಆ ‘ರಿ’ಗಾಗಿ, ಆ ಹೂವಿನ ಕಪ್ಪಿಗಾಗಿ ನುಂಗಿಕೊಂಡದ್ದಕ್ಕೆ. ಏಳುವಾಗ ‘ಸೋಮಾರದಿಂದ ಬಿಡ್ತೀನ್ರಿ’ ಎಂದು ಕೂಡ ಹೇಳಿಬಿಟ್ಟಿದ್ದಳು.

ಬೀದಿಗೆ ಬಂದ ಮೇಲೆ ಕುಲ್ಸುಮ್ ಬೀ ಬುಟ್ಟಿ ಸರಿಪಡಿಸಿಕೊಂಡು, ‘ಇನ್ನೊಂದ್ ಮನಿ ಅದ,’ ಅಂದಳು. ‘ಅಲ್ಲಿ ನನ್ನ ಯಾಪಾರಿಲ್ಲ. ಸುಮ್ನ ನೀರು ಕುಡುದು ಬರೋಣು, ನಡ್ರಿ.’ ಮಾಣಿಕನಗರದ ತನಕ ಬಿಸಿಲಲ್ಲಿ ನಡೆಯುವ ಮನಸ್ಸು ಸುಗಂಧಾಗೆ ಇರಲಿಲ್ಲ. ಮನೆ ಗೊತ್ತಾಗಿತ್ತಲ್ಲ. ಆದರೂ ಮುದುಕಿಯ ಮಾತು ತೆಗೆದುಹಾಕಲಾರದೆ ಹೋದಳು. ಮಠದ ಮುಂದೆ ಕಾಯಿ, ಉದಬತ್ತಿ, ಸಕ್ಕರೆ ಮಾರುವ ಅಂಗಡಿಸಾಲಿನಲ್ಲಿ ಪಂಡರಿ ಎಂಬವನ ಅಂಗಡಿ. ಅದರ ಹಿಂದೆಯೇ ಅವನ ಮನೆ, ಅವನ ಹೆಂಡತಿ ಸರುಬಾಯಿ. ದೂರದಿಂದಲೇ ಗದ್ದಲ ಕೇಳುತ್ತಿತ್ತು. ಒಂದು ಮಗು ಡಬ್ಬಿಯ ಮೇಲೆ ಸೌಟು ಬಡಿಯುತ್ತಿತ್ತು, ಇನ್ನೊಂದು ಬರಿಮೈಯಲ್ಲಿ ಅಂಗಳ ತುಂಬ ಓಡುತ್ತಿತ್ತು, ಮತ್ತೊಂದು ಯಾವುದಕ್ಕೋ ಹಟ ಹಿಡಿದು ಅರಚುತ್ತಿತ್ತು. ಸರುಬಾಯಿ ಬಚ್ಚಲ ಕಲ್ಲಿನ ಹತ್ತಿರ ಕಾಲು ನೀಡಿ, ಕಾಲ ಮೇಲೆ ಒಂದು ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಸುಗಂಧಾಳ ಮಾಸ್ತರಣಿ ಮನಸ್ಸು ಮೂಗು ಮುರಿಯಿತು. ಅಷ್ಟರಲ್ಲಿ ಅವಳ ಕಣ್ಣು ಸರುಬಾಯಿಯ ಕೈ ಮೇಲೆ ಬಿತ್ತು.

ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ, ಕೈ ಎರಡೂ ಬರಿದು. ಒಂದು ಚೂರು ಗಾಜಿಲ್ಲ, ಅರಿಶಿನದ ದಾರ ಕೂಡ ಇಲ್ಲ. ಗಂಡ ಹೊರಗೆ ಅಂಗಡಿಯಲ್ಲಿ ಕಾಯಿ ತೂಗಿ ನೋಡುತ್ತ ಗಿರಾಕಿಯೊಡನೆ ನಗುತ್ತಿದ್ದಾನೆ, ಹೆಂಡತಿಯ ಕೈಯಲ್ಲಿ ಬಳೆಯಿಲ್ಲ. ಬದುಕಿರುವ ಗಂಡನಿಗೆ ಸಾವು ಬಯಸಿ ಸಿಟ್ಟಿನಲ್ಲಿ ಬಳೆ ಒಡೆದುಕೊಂಡ ಹೆಂಗಸರ ಕಥೆ ಸುಗಂಧಾ ಸಣ್ಣವಳಿದ್ದಾಗ ಕೇಳಿದ್ದಳು, ಆ ಮನೆಯ ನೀರು ಮುಟ್ಟಬಾರದು ಅನ್ನುತ್ತಿದ್ದರು. ಅಂಥ ಕೈ ಗಂಡನಿಗೇ ಆಗದಿದ್ದರೆ ಕೂಸಿಗೆ ಆದೀತೇ? ಅವಳು ಮಿಲಿಂದನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸರುಬಾಯಿ ಎದ್ದು ಬಂದು, ತಂಬಿಗೆಯ ನೀರು ತಾನೊಂದು ಗುಟುಕು ಕುಡಿದು, ‘ತಣ್ಣಗ ಅದಾವ್ರಿ ಬಾಯಿ, ಕುಡೀರಿ’ ಎಂದು ಅದನ್ನೇ ಅವಳ ಕೈಗೆ ಕೊಟ್ಟಳು. ಎಲ್ಲಿ ಹೋದರೂ ನೀರು ಹೇಗೆ ಕೊಡುತ್ತಾರೆ ಎಂದು ಮೊದಲು ನೋಡುವ ಸುಗಂಧಾ ಅವತ್ತು ಅದನ್ನೂ ಗಮನಿಸಲಿಲ್ಲ. ತುಟಿಗೆ ತಾಗಿಸಿದಂತೆ ಮಾಡಿ ತಂಬಿಗೆ ಕೆಳಗಿಟ್ಟಳು. ಅವಳ ಅಪ್ಪ ಮಚ್ಚೇಂದ್ರ ಬೌದ್ಧನಾದ ವರ್ಷ ಮನೆಯ ದೇವರ ಜೊತೆಗೆ ಶಕುನ ಅಪಶಕುನಗಳನ್ನೂ ಕಟ್ಟಿ ಹೊರಗೆ ಹಾಕಿದವನು. ಬೆಕ್ಕು ಅಡ್ಡ ಬಂದರೆ ಪಾಪ ಬೆಕ್ಕಿಗೂ ಕೆಲಸವಿರುತ್ತದೆ ಅನ್ನುತ್ತಿದ್ದವನು. ಅವನ ಮಗಳು ಒಂದು ಬರಿಗೈ ಕಂಡು ಬೆವರಿದ್ದಳು.

‘ಆಕಿ ಬಳಿ ಒಡಕೊಂಡಾಳ, ಅಂಥಾ ಮನಿಗೆ ಯಾಕ ಕರಕೊಂಡು ಬಂದ್ರಿ ಖಾಲಾ?’ ಅಂಗಡಿಸಾಲು ದಾಟಿದ್ದೇ ತಡ, ಸುಗಂಧಾ ಕೇಳಿದಳು.

ಕುಲ್ಸುಮ್ ಬೀ ಗಕ್ಕನೆ ನಿಂತಳು. ಬುಟ್ಟಿ ಕೆಳಗಿಳಿಸಿದಳು. ಅವಳಿಗೆ ಸಿಟ್ಟು ಬಂದದ್ದನ್ನು ಸುಗಂಧಾ ನೋಡಿದ್ದು ಅದೇ ಮೊದಲು. ‘ಒಡಕೊಂಡಿಲ್ಲ! ನಾ ತೆಗದೀನಿ. ಈ ಕೈಲೆ. ಪರರ ಮನಿ ಮಾತು ನಾ ಆಡಂಗಿಲ್ಲ, ಖರೆ ಇದು ನಂದೂ ಮಾತು, ಅದಕ್ಕ ಹೇಳ್ತೀನಿ. ಒಂದಿನ ಎಣ್ಣಿ ನೀರು ಹಾಕೂ ಮುಂದ ಬಳಿ ಕಲ್ಲಿಗೆ ಬಡದು, ಚೂರು ಕೂಸಿನ ಬೆನ್ನಿಗೆ ಗೀರ್ತು. ಇಷ್ಟೇ ಇಷ್ಟು. ಕೂಸಿನವ್ವ ಸುದ್ದಾ ನೋಡಲಿಲ್ಲ. ಈಕಿ ನನ್ನ ಮುಂದ ಕೈ ಚಾಚಿ ಕುಂತಳು, ತೆಗಿ ಅಂದ್ಳು. ಯವ್ವಾ, ಇಡೂ ಕೈ ನಂದು, ತೆಗ್ಯೂ ಕೈ ಅಲ್ಲ ಅಂದೆ. ಕೇಳಲಿಲ್ಲ. ಪಿತ್ತಳಿವಾದ್ರೂ ಹಾಕ್ಕೋ ಅಂದೆ. ಅವೂ ಒತ್ತತಾವ ಅಂದ್ಳು. ಸಾಬೂನು ಹಚ್ಚಿ ಒಂದೊಂದೇ ಜಾರಿಸಿದೆ, ಒಂದೂ ಒಡಿಗೊಡ್ಲಿಲ್ಲ. ಅಳಕೋತ ತೆಗದೆ. ಪಂಡರೀನ ಕೇಳಿದ್ರ ಅವ ಏನಂದ ಗೊತ್ತದೇನು? ನನ್ನ ಆಯುಷ್ಯ ಆಕಿ ಬಳ್ಯಾಗ ಇದ್ದಿದ್ರ, ಭಾಂಡೆ ತಿಕ್ಕೂ ಮುಂದ ದಿನಾ ಸಾಯ್ತಿದ್ದೆ ಅಂದ.’ ಮುದುಕಿ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಓಣ್ಯಾಗ ಯಾರೂ ಆಕಿನ್ನ ಅರಿಶಿಣ ಕುಂಕುಮಕ್ಕ ಕರಿಯಂಗಿಲ್ಲ. ಕೂಸಿಗೆ ಹೆಸರಿಡೂ ತೊಟ್ಟಿಲಕ್ಕ ಅಂತೂ ಮೊದಲೇ ಇಲ್ಲ. ಮಕ್ಕಳನ್ನ ತಂದು ಬಿಡ್ತಾರ, ತೊಟ್ಟಿಲಕ್ಕ ಕರಿಯಂಗಿಲ್ಲ.’

ಸುಗಂಧಾ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಮಿಲಿಂದ ಅವಳ ಬಳೆಗಳನ್ನು ಹಿಡಿದೆಳೆಯುತ್ತಿತ್ತು. ಒಂದು ಮನೆಯ ಬಲಗೈ ಬಳೆ ಯಾಕೆ ಹೆಚ್ಚಾಗುತ್ತವೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆನ್ನೆಗೆ ಅಂಗೈ ಹಿಡಿದ ಹುಡುಗಿಯನ್ನು ಕಂಡಾಗಲೇ ಅದು ಗೊತ್ತಾಗಿತ್ತು. ಕೂಸನ್ನು ಎಲ್ಲಿ ಬಿಡಲಿ ಎಂದು ಹೊರಟವಳು ತಾನು ಎಲ್ಲಿ ಕೂತು ಚಹಾ ಕುಡಿಯಲಿ ಎಂದು ನೋಡಿಕೊಂಡು ಬಂದಿದ್ದಳು. ‘ಅಲ್ಲೇ ನಿಲ್ಲು’ ಅನ್ನಿಸಿಕೊಂಡ ಆ ಸಣ್ಣ ಹುಡುಗಿಯ ಹಳೆಯ ಹಸಿವು ತೀರಿಸಲಿಕ್ಕೆ ಈ ಏನೂ ಅರಿಯದ ಕೂಸನ್ನು ಕೊಡಲಿಕ್ಕೆ ಹೋಗಿದ್ದಳು. ಅವ್ವ ಇದ್ದಿದ್ದರೆ ಬೈಯುತ್ತಿದ್ದಳು. ಸುಗಂಧಾ ಎದ್ದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಸರುಬಾಯಿಯ ಅಂಗಳದಲ್ಲಿ ತಂಬಿಗೆ ಇನ್ನೂ ಅಲ್ಲೇ ಇತ್ತು. ಮೊದಲು ಅದನ್ನೆತ್ತಿ ಗಟಗಟ ನೀರು ಕುಡಿದಳು. ಆಮೇಲೆ ‘ಮೌಶಿ, ಸೋಮಾರದಿಂದ ಕರಕೊಂಡು ಬರ್ಲೇನ್ರಿ?’ ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಕೇಳಿದಳು.

ಆ ಸೋಮವಾರವೇ ಇವತ್ತು. ಗೌಹರ ಬೋರ್ಡಿನ ಮೇಲೆ ‘ಲ’ವನ್ನು ಸರಿಯಾಗಿ ಬರೆದು ಮುಗಿಸಿ ಯಾವಾಗಲೋ ಜಾಗಕ್ಕೆ ಹೋಗಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಾಲು ತುಂಬಿ ಸುಗಂಧಾಳ ಎದೆ ನೋಯತೊಡಗಿತು. ಶಾಲೆ ಬಿಟ್ಟೊಡನೆ ಓಡಿಹೋಗಿ ಬಸ್ಸು ಹಿಡಿದಳು. ಕಿಟಕಿಯ ಕಂಬಿಗೆ ಬಲಗೈ ಕೊಟ್ಟು ಕೂತಾಗ ಬೆಳಗಿನ ಇನ್ನೊಂದು ಸಂಗತಿ ನೆನಪಾಯಿತು. ಕೂಸನ್ನು ಎತ್ತಿಕೊಂಡ ಸರುಬಾಯಿ ಅದರ ತೊಡೆಯ ಮೇಲಿನ ಒಂದು ಗೀರನ್ನು ಬೆರಳಿನಿಂದ ಸವರಿದ್ದಳು. ಏನೂ ಕೇಳಿರಲಿಲ್ಲ. ಇರುವೆ ಕಚ್ಚಿರಬೇಕು, ಇಲ್ಲವೇ ಕೂಸಿನದೇ ಉಗುರು ತಾಗಿರಬೇಕು ಅಂದುಕೊಂಡಿದ್ದ ಗೀರು. ಈಗ ಬಸ್ಸು ಕುಲುಕಿದಂತೆ ಕಂಬಿಗೆ ಬಡಿಯುತ್ತಿದ್ದ ತನ್ನ ಬಳೆಗಳನ್ನು ನೋಡಿದಳು. ಒಂದರ ಅಂಚು ಮುಕ್ಕಾಗಿತ್ತು. ತಾನೇ. ದಿನಾ ಕೂಸನ್ನು ಎತ್ತಿ ಇಳಿಸುವ ತನ್ನದೇ ಕೈ. ಬೆಳಿಗ್ಗೆ ಗೌಹರಳ ಎದುರು ಎದ್ದದ್ದೂ ಇದೇ ಕೈ. ರುಕ್ಮಿಣಿಬಾಯಿಯ ಕೈಗೂ ತನ್ನ ಕೈಗೂ ನಡುವೆ ಎಷ್ಟು ದೂರ ಇದೆ ಎಂದು ಯೋಚಿಸಿ ಅವಳಿಗೆ ಗಾಬರಿಯಾಯಿತು. ಇವತ್ತೇ ಸಾಬೂನು ಹಚ್ಚಿ ತೆಗೆದುಬಿಡುತ್ತೇನೆ, ಉತ್ತಮನೇನು ಪಂಡರಿಗಿಂತ ಕಡಿಮೆ ಗಂಡಸೇ, ಏನಾದರೂ ತಮಾಷೆ ಮಾಡಿ ಸುಮ್ಮನಾಗುತ್ತಾನೆ ಅಂದುಕೊಂಡಳು. ಆದರೆ ಎದೆಯ ಆಳದಲ್ಲಿ ಕೂತ ಹೆದರಿಕೆ ಬಳೆಯದಲ್ಲ. ಬೆಳಿಗ್ಗೆ ಬೇರೆಯವಳ ಮುಖ ನೋಡಿ ನಕ್ಕ ಕೂಸು ಸಂಜೆ ತನ್ನ ಮುಖ ನೋಡಿ ಯಾರು ಎಂಬಂತೆ ನೋಡಿದರೆ? ಹಗಲೆಲ್ಲ ಎತ್ತಿ ಆಡಿಸುವವಳೇ ಅವ್ವ ಎಂದು ಅದು ತಿಳಿದರೆ ತಪ್ಪೇನು? ತಪ್ಪಿಲ್ಲ ಎಂಬುದೇ ಅವಳನ್ನು ಹಿಂಡುತ್ತಿತ್ತು.

ಮಾಣಿಕನಗರಕ್ಕೆ ಬಂದಾಗ ಅಂಗಡಿಗಳಲ್ಲಿ ದೀಪ ಹಚ್ಚುತ್ತಿದ್ದರು. ಪಂಡರಿ ಅವಳನ್ನು ನೋಡಿ, ‘ಬರ್ರಿ ಬಾಯಿ, ನಿಮ್ಮ ಸಾಹೇಬ್ರು ಆರಾಮದಾರ. ಮಧ್ಯಾಹ್ನ ನನ್ನ ಮಾರಿಗೆ ಒದ್ದಾರ,’ ಅಂದ. ಆ ‘ಬರ್ರಿ’ ಅವಳ ಕಿವಿಗೆ ಬಿದ್ದದ್ದು ಅಂಗಳ ದಾಟಿದ ಮೇಲೆ. ಬೇರೆ ಮಕ್ಕಳನ್ನೆಲ್ಲ ಅವರವರ ಮನೆಯವರು ಕರೆದುಕೊಂಡು ಹೋಗಿದ್ದರು. ಒಳಗೆ ಸರುಬಾಯಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು, ಅವಳ ನೀಡಿದ ಕಾಲ ಮೇಲೆ ಮಿಲಿಂದ. ಆ ಬರಿಗೈ ಕೂಸಿನ ಹೊಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಏನೂ ಸಪ್ಪಳವಿಲ್ಲದ ತಟ್ಟುವಿಕೆ. ಸುಗಂಧಾ ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಬಾಗಿ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟಳು. ಬಳೆ ಕಿಣ್ ಎಂದವು.

ಮಿಲಿಂದ ತಟ್ಟನೆ ತಲೆ ತಿರುಗಿಸಿತು. ಒಂದು ಗಳಿಗೆ ಹುಡುಕಿತು, ಆಮೇಲೆ ಕಂಡುಹಿಡಿಯಿತು. ಎರಡೂ ಕಾಲು ಬಡಿದು, ಮೈಯೆಲ್ಲ ಅಲ್ಲಾಡಿಸಿ ಕೇಕೆ ಹಾಕಿತು. ಆಮೇಲೆ ಬೆಳಿಗ್ಗೆ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಸೇರಿಸಿ ಒಮ್ಮೆಲೇ ಅಳತೊಡಗಿತು. ಸುಗಂಧಾ ಓಡಿಹೋಗಿ ಎತ್ತಿಕೊಂಡಳು. ಅವಳೂ ಅತ್ತಳು. ಹಾಲು ಕುಡಿಸುವುದು ಮುಗಿಯುವ ತನಕ ಸರುಬಾಯಿ ಕೂಸಿನ ಬಟ್ಟೆ ಹಿಂಡುತ್ತ ಕೂತಳು.

‘ಮೌಶಿ, ಈ ಗೀರು ನನ್ನ ಬಳೀದು,’ ಎಂದಳು ಸುಗಂಧಾ ಕೊನೆಗೆ. ‘ನಾಳಿಂದ ನಾನೂ ಇಡಂಗಿಲ್ಲ. ಕುಲ್ಸುಮ್ ಖಾಲಾಗ ಹೇಳಿ ತೆಗಸ್ತೀನಿ.’

‘ಹುಚ್ಚಿ ಇದ್ದಂಗಿದ್ದೀರಿ,’ ಎಂದು ಸರುಬಾಯಿ ನಕ್ಕಳು. ‘ಮುಕ್ಕಾಗಿದ್ದೊಂದು ತೆಗೀರಿ ಸಾಕು. ಉಳದಿದ್ದು ಇರ್ಲಿ. ಹಗಲೆಲ್ಲಾ ಸೌಟು ಬಡದ್ರು, ಡಬ್ಬಿ ಒಗದ್ರು, ಗುಡಿ ಗಂಟಿ ಬಾರಿಸಿದ್ರು. ನಿಮ್ಮ ಮಗಾ ಒಂದಕ್ಕೂ ಕುತಗಿ ತಿರುವಲಿಲ್ಲ. ಈ ಮನ್ಯಾಗ ಬಳಿ ಸಪ್ಪಳ ಇಲ್ಲ ನೋಡ್ರಿ. ಕಿಣ್ ಅಂದ್ರ ನೀವೇ. ನಾ ನೂರ್ ಸಲ ಎತ್ತಿ ಆಡ್ಸಿದ್ರೂ ಅದಕ್ಕ ನಾ ಬರಿಗೈ ಮೌಶಿ. ಬಳಿ ಕೈ ಅಂದ್ರ ಅವ್ವ. ಅದೊಂದು ಗುರುತು ಅದಕ್ಕಿರ್ಲಿ ಬಾಯಿ, ತೆಗಿಬ್ಯಾಡ್ರಿ.’

ಸುಗಂಧಾ ಆ ಕೈಗಳನ್ನು ನೋಡಿದಳು. ನೀರಲ್ಲಿ ನೆನೆದು ಬೆಳ್ಳಗಾದ ಬೆರಳು, ಬಳೆಯಿದ್ದ ಕಡೆ ಇನ್ನೂ ಉಳಿದಿದ್ದ ತೆಳು ಬಣ್ಣದ ಪಟ್ಟಿ. ಪರರ ಕೂಸುಗಳ ಮೈ ಕಾಯಲು ಬರಿದಾದ ಕೈ ತನಗೆ ತಾಯಿತನವನ್ನೂ ಕಾದಿಟ್ಟಿತ್ತು. ಅವಳು ಆ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ‘ಬಿಡ್ರಿ, ಬಿಡ್ರಿ, ಹಸಿ ಕೈ ಅದಾವ,’ ಎಂದು ಸರುಬಾಯಿ ನಾಚಿ ಬಿಡಿಸಿಕೊಂಡಳು. ಸುಗಂಧಾಗೆ ಗೌಹರಳ ಮುಚ್ಚಿದ ಕಣ್ಣು ನೆನಪಾಯಿತು. ನಾಳೆ ತರಗತಿಯಲ್ಲೂ ಈ ಬಳೆಯ ಸಪ್ಪಳ ಕೇಳಿ ಒಂದಾದರೂ ಮಗು ಮುಖ ಎತ್ತಿ ನೋಡುವಂತಾಗಬೇಕು, ಗದ್ದಲವಾದರೆ ಆಗಲಿ, ಹೆಡ್‌ಮಾಸ್ತರರು ಮೆಲ್ಲಗೆ ಏನು ಬೇಕಾದರೂ ಹೇಳಿಕೊಳ್ಳಲಿ.

ಕತ್ತಲಾಗುತ್ತಿತ್ತು, ಹೊರಡಬೇಕಿತ್ತು. ಆದರೆ ಸುಗಂಧಾ ಮಿಲಿಂದನನ್ನು ತಿರುಗಿ ಸರುಬಾಯಿಯ ಕಾಲ ಮೇಲೆ ಮಲಗಿಸಿದಳು.

‘ಏನಾತ್ರಿ ಬಾಯಿ?’

‘ಏನಿಲ್ಲ ಮೌಶಿ, ಒಂದೇ ಒಂದ್ ಸಲ,’ ಎನ್ನುತ್ತ ಅವಳು ಅಂಗಳಕ್ಕೆ ಇಳಿದು, ಬಾಗಿಲ ಮರೆಗೆ ನಿಂತು, ಕೈಯೊಂದನ್ನೇ ಒಳಗೆ ಚಾಚಿ ಬಳೆ ಅಲ್ಲಾಡಿಸಿದಳು.